ಮುತ್ತಜ್ಜ ತೀರಿಕೊಂಡದ್ದು ಯಾವ ವರ್ಷ?

ಜಮೀನಿನ ಪೌತಿ ಖಾತೆಗೆ ಅರ್ಜಿ ಹಾಕಲು ಹೊರಟಾಗ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಮುತ್ತಜ್ಜನ ಮರಣ ನೋಂದಣಿಯಲ್ಲಿ 1971ರ ಜನವರಿ, ವಯಸ್ಸು 68 ಎಂದಿದೆ. ಕಬರಸ್ತಾನದ ಕಲ್ಲಿನ ಮೇಲೆ ಉರ್ದುವಿನಲ್ಲಿ ಹಿಜರಿ 1390, ವಯಸ್ಸು 70. ಅದನ್ನು ಎಲ್ಲರೂ 1970 ಎಂದೇ ತಿಳಿದಿದ್ದರು. ಇಬ್ಬರೂ ಒಬ್ಬರೇನಾ ಎಂದು ಚಾಚಾಗೆ ಅನುಮಾನ. ಕೇಳೋಣವೆಂದರೆ ದಾದಾ ಈಗಿಲ್ಲ.

ಅಕೌಂಟೆನ್ಸಿಯಲ್ಲಿ ಕ್ಯಾಶ್‌ಬುಕ್ಕಿಗೂ ಪಾಸ್‌ಬುಕ್ಕಿಗೂ ವ್ಯತ್ಯಾಸ ಬಂದರೆ ನಾವು ಒಂದನ್ನು ಸುಳ್ಳೆನ್ನುವುದಿಲ್ಲ, ಕಾರಣ ಹುಡುಕುತ್ತೇವೆ. ಇಲ್ಲೂ ಹಾಗೇ ಮಾಡಿದೆ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. 1390 ಶುರುವಾದದ್ದು 1970ರ ಮಾರ್ಚ್‌ನಲ್ಲಿ, ಮುಗಿದದ್ದು 1971ರ ಫೆಬ್ರವರಿಯಲ್ಲಿ. ಆ ಜನವರಿ ಅದರೊಳಗೇ ಬರುತ್ತದೆ. ವಯಸ್ಸೂ ಅಷ್ಟೇ: ಹಿಜರಿಯ 70 ವರ್ಷವೆಂದರೆ ಇಂಗ್ಲಿಷ್ ಕ್ಯಾಲೆಂಡರಿನ ಸುಮಾರು 68.

ಲೆಕ್ಕ ಕೂಡಿತೆಂದು ಕುಣಿದೆ. ಅಮ್ಮಿ ತಡೆದರು: "ಆ ಹೆಸರಿನವರು ಊರಲ್ಲಿ ಎಷ್ಟು ಜನ ಇದ್ದರೋ!" ನಿಜವೇ. ಹಳೆಯ ಪಹಣಿ ತೆಗೆಸಿದೆವು. ಅದರಲ್ಲಿ 'ಬಿನ್' ಮುಂದೆ ಇದ್ದ ತಂದೆಯ ಹೆಸರೇ ನೋಂದಣಿಯಲ್ಲೂ ಇತ್ತು, ಕಲ್ಲಿನ ಮೇಲೂ ಇತ್ತು. ಪಹಣಿಯ 'ಸಾಬ್' ಕಲ್ಲಿನಲ್ಲಿ 'ಸಾಹೇಬ್' ಆಗಿತ್ತು, ಅಷ್ಟೇ.

ನಮ್ಮ ವಂಶವೃಕ್ಷದಲ್ಲಿ ಈಗ ಎರಡೂ ಇಸವಿ ಬರೆದಿದ್ದೇನೆ. ಹುಟ್ಟಿದ್ದು ಸುಮಾರು 1902. ಅದು ನನ್ನ ಲೆಕ್ಕ ಮಾತ್ರ, ಪೆನ್ಸಿಲಿನಲ್ಲಿದೆ.