ನಟ್ಟು ಬಿಚ್ಚುವ ಮೊದಲು ಪುಟ ಬಿಚ್ಚಿ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಎರೆಭೂಮಿಯ ತಾಲ್ಲೂಕುಗಳು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದು ಈ ಮಣ್ಣಿನ ಗುಣ. ಅದರ ಮೇಲೆ ಹಾಸಿದ ಡಾಂಬರು ಕೆಲವೇ ಮಳೆಗಾಲಗಳಲ್ಲಿ ಅಲೆಅಲೆಯಾಗುತ್ತದೆ. ಸುಗ್ಗಿಯಲ್ಲಿ ಭೂಸನೂರ, ಹವಳಗಾ ಕಾರ್ಖಾನೆಗಳತ್ತ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳು ಉಳಿದ ಕೆಲಸ ಮುಗಿಸುತ್ತವೆ. ಇಂಥ ದಾರಿಯಲ್ಲಿ ಕಾರಿನ ಶಾಕ್ ಅಬ್ಸಾರ್ಬರ್, ಬುಷ್, ಬಾಲ್ ಜಾಯಿಂಟುಗಳು ಬೇಗ ಸೋತರೆ ಆಶ್ಚರ್ಯವೇನು?

ಮುಂದಿನ ಗಾಲಿಯಲ್ಲಿ ಕಟಕಟ ಸದ್ದು ಶುರುವಾದಾಗ ಸ್ವಲ್ಪ ಕೈಚಳಕವಿದ್ದವರಿಗೆ ತಾವೇ ಬಿಚ್ಚಿ ನೋಡುವ ಆಸೆ. ಆಸೆ ತಪ್ಪಲ್ಲ. ಆದರೆ ಯಾವ ಪುಸ್ತಕ ನೋಡಿ ಬಿಚ್ಚಬೇಕು? ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಟೈರಿನ ಗಾಳಿ ಎಷ್ಟಿರಬೇಕು, ಜಾಕ್ ಎಲ್ಲಿ ಕೊಡಬೇಕು ಎನ್ನುವಷ್ಟೇ ಇರುತ್ತದೆ. ಸಸ್ಪೆನ್ಷನ್ ಕೆಲಸದ ವಿವರ ಇರುವುದು ಕಂಪೆನಿ ತನ್ನ ಮೆಕ್ಯಾನಿಕರಿಗಾಗಿ ಅಚ್ಚು ಮಾಡಿಸುವ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ. ಇವೆರಡನ್ನೂ ಒಂದೇ ಎಂದು ತಿಳಿದು ಹಣ ಕಳೆದುಕೊಳ್ಳುವವರೂ ಇದ್ದಾರೆ.

ಜೀಪಿನ ಕಾಲದಲ್ಲಿ ಪುಸ್ತಕದ ಹಂಗೇ ಇರಲಿಲ್ಲ. ಹಿಂದೆ ಮುಂದೆ ಕಮಾನು ಪಟ್ಟಿ. ಮುರಿದದ್ದು ಕಣ್ಣಿಗೆ ಕಾಣುತ್ತಿತ್ತು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಕೂಸು, ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100ರದು. ಹಾಗಾಗಿ ಆ ಮೂಲ ಕಾರುಗಳ ಹಳೆಯ ಮ್ಯಾನುಯಲ್ ಸಿಕ್ಕರೆ ಸಸ್ಪೆನ್ಷನ್ ಮಟ್ಟಿಗೆ ಬಹುಪಾಲು ಕೆಲಸ ನಡೆಯುತ್ತಿತ್ತು.

ಮಾರುತಿ 800 ಬಂದ ಮೇಲೆ ಲೆಕ್ಕ ಬದಲಾಯಿತು. 1983ರ ಮೊದಲ ಮಾದರಿಯಲ್ಲಿ ಹಿಂದೆ ಕಮಾನು ಪಟ್ಟಿ ಇತ್ತು. 1986ರಲ್ಲಿ ಮಾದರಿ ಬದಲಾದಾಗ ಅಲ್ಲಿ ಕಾಯಿಲ್ ಸ್ಪ್ರಿಂಗ್ ಬಂತು. ಹೆಸರು ಒಂದೇ, ಪುಸ್ತಕ ಬೇರೆ! ಆದ್ದರಿಂದ ಮ್ಯಾನುಯಲ್‌ನಲ್ಲಿ ಮೊದಲು ನೋಡಬೇಕಾದದ್ದು ಮಾದರಿಯ ವರ್ಷ ಮತ್ತು ಚಾಸಿ ಸಂಖ್ಯೆಯ ವ್ಯಾಪ್ತಿ. ಅದಿಲ್ಲದ ಪುಸ್ತಕವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್. ಇದರಲ್ಲಿ ಸ್ಪ್ರಿಂಗ್ ಒತ್ತಡದಲ್ಲೇ ಕುಳಿತಿರುತ್ತದೆ. ಪ್ರೌಢಶಾಲೆಯ ಹುಕ್‌ನ ನಿಯಮ ನೆನಪಿಸಿಕೊಳ್ಳಿ. ಒಂದು ಗಾಲಿಯ ಮೇಲೆ 200 ಕಿಲೋ ಭಾರ ಬಿದ್ದು ಸ್ಪ್ರಿಂಗ್ 15 ಸೆಂಟಿಮೀಟರ್ ಕುಗ್ಗಿದೆ ಎನ್ನೋಣ. ಅದರಲ್ಲಿ ಅಡಗಿರುವ ಶಕ್ತಿ ಸುಮಾರು 150 ಜೂಲ್. 15 ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮೇಲಿನ ನಟ್ಟು ಬಿಚ್ಚಿದರೆ ಅದು ಎದುರಿಗಿದ್ದವರ ಮುಖಕ್ಕೇ ಚಿಮ್ಮಬಹುದು. ಈ ಎಚ್ಚರಿಕೆ ಇಲ್ಲದ ಕೈಪಿಡಿ ಕೈಪಿಡಿಯೇ ಅಲ್ಲ.

ನಮ್ಮ ಕಡೆಯದೇ ಇನ್ನೊಂದು ಅಪಾಯ ಯಾವ ವಿದೇಶಿ ಪುಸ್ತಕದಲ್ಲೂ ಇಲ್ಲ. ಎತ್ತಿದ ಕಾರಿನ ಕೆಳಗೆ ಶಹಾಬಾದ್ ಪರಸಿಯ ತುಂಡುಗಳನ್ನು ಒಟ್ಟಿ ನಿಲ್ಲಿಸುವುದು! ಪದರ ಕಲ್ಲು ಒಂದೇ ಬಿಂದುವಿನ ಭಾರಕ್ಕೆ ಮುನ್ಸೂಚನೆ ಕೊಡದೆ ಸೀಳುತ್ತದೆ. ಎರಡು ಉಕ್ಕಿನ ಆಕ್ಸಲ್ ಸ್ಟ್ಯಾಂಡಿನ ಬೆಲೆ ಜೀವಕ್ಕಿಂತ ಹೆಚ್ಚಲ್ಲ.

ಒಳ್ಳೆಯ ಪುಸ್ತಕದ ಗುರುತು ಸಣ್ಣ ಮಾತುಗಳಲ್ಲಿದೆ. ಯಾವ ನಟ್ಟನ್ನು ಮರುಬಳಸಬಾರದು, ರಬ್ಬರ್ ಬುಷ್‌ನ ಬೋಲ್ಟನ್ನು ಯಾವಾಗ ಬಿಗಿಯಬೇಕು ಎಂಬುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ ಕಾರು ನೆಲಕ್ಕಿಳಿದು ಗಾಲಿಯ ಮೇಲೆ ನಿಂತಾಗಲೇ ಬಿಗಿಯಬೇಕು. ಗಾಲಿ ಜೋತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಬಿಗಿತದ ಅಳತೆಯಲ್ಲೂ ಕಣ್ಣಿರಲಿ. ಒಂದು ಕಿಲೋಗ್ರಾಂ-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್, ಸುಮಾರು 7.2 ಪೌಂಡ್-ಅಡಿ. ಕಳ್ಳಪ್ರತಿಯಲ್ಲಿ ದಶಾಂಶ ಬಿಂದು ಅಳಿಸಿದ್ದರೆ ಬೋಲ್ಟು ಮುರಿಯುವುದೇ ಸೈ.

ಇಂಗ್ಲೆಂಡಿನ ಜಾನ್ ಹೇನ್ಸ್ 1960ರ ದಶಕದಲ್ಲಿ ಆರಂಭಿಸಿದ ಮ್ಯಾನುಯಲ್‌ಗಳಿಗೆ ಹೆಸರು ಬಂದದ್ದು, ನಿಜವಾದ ಕಾರನ್ನು ಬಿಚ್ಚಿ ಜೋಡಿಸುತ್ತ ಚಿತ್ರ ತೆಗೆದು ಬರೆದದ್ದರಿಂದ. ನಮ್ಮಲ್ಲಿ ಐಟಿಐ ವಿದ್ಯಾರ್ಥಿಗಳಿಗಾಗಿ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಮೋಟಾರು ಮೆಕ್ಯಾನಿಕ್ ಪಠ್ಯಗಳನ್ನು ಹೊರತಂದಿದೆ. ನಿಮ್ಮ ಕಾರಿನ ಅಳತೆ ಅದರಲ್ಲಿ ಸಿಗದು. ಆದರೆ ಯಾವ ಭಾಗ ಏನು ಮಾಡುತ್ತದೆ ಎಂಬುದು ತಿಳಿಯುತ್ತದೆ. ಅಳತೆಗೆ ಕಂಪೆನಿಯ ಸರ್ವಿಸ್ ಮ್ಯಾನುಯಲ್ಲೇ ಆಗಬೇಕು. ಪುಟ ಕೈಗೆ ಬಂದ ಮೇಲೂ ಊರಿನ ಹಿರಿಯ ಮಿಸ್ತ್ರಿಯೊಬ್ಬರಿಗೆ ಅದರ ಚಿತ್ರ ತೋರಿಸಿ ಕೇಳುವುದು ಲೇಸು. ಇಂಗ್ಲಿಷ್ ಓದಲು ಬಾರದ ಕೈಗಳೂ ಚಿತ್ರವನ್ನು ಸರಾಗ ಓದುತ್ತವೆ.

ಸ್ಟ್ರಟ್ ಬಿಚ್ಚಿ ಜೋಡಿಸಿದ ಮೇಲೆ ಗಾಲಿಯ ಕೋನ ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸಲು ಕಲಬುರಗಿಗೆ ಹೋಗಬೇಕಾದರೆ ಆ ದಾರಿಯನ್ನು ನಿಧಾನವಾಗಿ, ಹಗಲಿನಲ್ಲೇ ಕ್ರಮಿಸಿ. ಹೊರಡುವ ಮುನ್ನ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ.