ಎಸ್‌ಯುವಿ ಟೈರ್ ಬದಲಿಸೋ ಮುಂಚೆ ಈ ನಂಬರ್‌ಗಳನ್ನ ಓದಿ

ಕಳೆದ ಮಳೆಗಾಲದಲ್ಲಿ ಅಪ್ಪ, ಅಮ್ಮನ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದೆ. ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ, ಜಾರಿತು. ಎದುರಿಗೆ ಯಾರೂ ಬರ್ತಿರಲಿಲ್ಲ, ಬಚಾವಾದ್ವಿ.

"ಗ್ರಿಪ್ ಇನ್ನೂ ಇದೆಯಲ್ಲೋ" ಅಂದ್ರು ಅಪ್ಪ. ನಿಜ, ಇತ್ತು. ಆದ್ರೆ ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೆಗೆ 2317 ಅಂತಿತ್ತು. ಅಂದ್ರೆ 2017ರ 23ನೇ ವಾರ ತಯಾರಾದದ್ದು. ವಯಸ್ಸಾದಂತೆ ರಬ್ಬರ್ ಗಟ್ಟಿಯಾಗುತ್ತೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿಯಾಗುತ್ತೆ. ಹಾಗಾಗಿ ಗ್ರಿಪ್ ಜೊತೆ ವಯಸ್ಸನ್ನೂ ನೋಡಿ. ಕಾಲುವೆಗಳ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಟೈರ್ ಮುಗಿದಂತೆ. ಅದನ್ನ ತೋರಿಸೋಕೆ ಕಾಲುವೆಯೊಳಗೇ ಸಣ್ಣ ಉಬ್ಬುಗಳಿರುತ್ತವೆ.

ಇನ್ನು ಸೈಜ್. ನಮ್ಮ ಗಾಡಿಯದು 215/60 ಆರ್17 96ಎಚ್. 215 ಅಂದ್ರೆ ಮಿಲಿಮೀಟರ್‌ನಲ್ಲಿ ಅಗಲ. 60 ಅಂದ್ರೆ ಪಕ್ಕದ ಎತ್ತರ ಅಗಲದ ಶೇ 60ರಷ್ಟು. 17 ಇಂಚು ರಿಮ್. 96 ಅಂದ್ರೆ ಒಂದು ಟೈರ್ 710 ಕಿಲೋ ಹೊರಬಲ್ಲದು. ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಹೊಸ ಟೈರಿನ ಭಾರದ ನಂಬರ್ ಇದಕ್ಕಿಂತ ಕಮ್ಮಿ ಇರಬಾರದು.

"ದಪ್ಪ ಟೈರ್ ಹಾಕ್ಸಿ ಸರ್, ಲುಕ್ ಬರುತ್ತೆ" ಅಂದ್ರು ಅಂಗಡಿಯವರು. ನನಗೂ ಆಸೆಯಾಯ್ತು. ಆದ್ರೆ 235/65 ಆರ್17 ಹಾಕಿದ್ರೆ ಚಕ್ರದ ವ್ಯಾಸ ಸುಮಾರು ಶೇ 7ರಷ್ಟು ಹೆಚ್ಚಾಗುತ್ತೆ. ಮೀಟರ್ ನಿಖರ ಅಂದುಕೊಂಡರೂ, ಅದು 80 ತೋರಿಸುವಾಗ ಗಾಡಿ 85 ದಾಟಿರುತ್ತೆ!

ಮೂರನೆಯದು ಬಗೆ. ಡಾಂಬರು ರಸ್ತೆಯಲ್ಲೇ ಓಡಾಡೋರಿಗೆ ಎಚ್‌ಟಿ ಸಾಕು: ಸದ್ದು ಕಮ್ಮಿ, ಡೀಸೆಲ್ ಉಳಿತಾಯ. ವಾರಕ್ಕೆರಡು ಸಲ ಕಾಫಿ ತೋಟದ ಮಣ್ಣುದಾರಿ ಹತ್ತೋರಿಗೆ ಎಟಿ ಸರಿ. ಎಂಟಿ ಇರೋದು ಕೆಸರಿಗೆ; ಹೆದ್ದಾರಿಯಲ್ಲಿ ಬರೀ ಗದ್ದಲ.

ಬಿಕಾಂ ಓದಿದವನು ನಾನು, ಲೆಕ್ಕ ಹಾಕದೆ ಇರ್ತೀನಾ? ಉದಾಹರಣೆಗೆ, 8,000 ರೂಪಾಯಿ ಟೈರ್ 32,000 ಕಿ.ಮೀ. ಬಂದ್ರೆ ಕಿಲೋಮೀಟರ್‌ಗೆ 25 ಪೈಸೆ. 10,000 ರೂಪಾಯಿದು 50,000 ಕಿ.ಮೀ. ಬಂದ್ರೆ 20 ಪೈಸೆ. ಬೆಲೆ ಕಮ್ಮಿ ಇದ್ದದ್ದೇ ಅಗ್ಗ ಅಲ್ಲ. ಡಿಸ್ಕೌಂಟ್ ಜಾಸ್ತಿ ಇದ್ರೆ ಮೊದಲು ತಯಾರಾದ ವಾರ ನೋಡಿ, ಹಳೇ ಸ್ಟಾಕ್ ಇರಬಹುದು.

ದುಡ್ಡು ಸಾಲದೆ ಎರಡೇ ಹಾಕಿಸ್ತೀರಾ? ಹೊಸವು ಹಿಂದಕ್ಕಿರಲಿ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದ್ರೆ ಗಾಡಿ ಗಿರಕಿ ಹೊಡೆಯುತ್ತೆ, ಹಿಡಿಯೋಕಾಗಲ್ಲ. ಫೋರ್ ವೀಲ್ ಡ್ರೈವ್ ಆದ್ರೆ ಸಾಮಾನ್ಯವಾಗಿ ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು. ಗಾಳಿ ಎಷ್ಟು ಅನ್ನೋದು ಡ್ರೈವರ್ ಬಾಗಿಲ ಬಳಿ ಅಂಟಿಸಿರೋ ಚೀಟಿಯಲ್ಲಿರುತ್ತೆ, ಹಾಗೇ ಹಾಕಿಸಿ.

ನಾವು ಅದೇ ಸೈಜಿನ ಎಚ್‌ಟಿ ನಾಲ್ಕು ಹಾಕಿಸಿದ್ವಿ. ಬಿಲ್ ಕಟ್ಟೋ ಮುಂಚೆ ಅಪ್ಪ ಕನ್ನಡಕ ಏರಿಸಿ, ಬಗ್ಗಿ, ನಾಲ್ಕರ ತಾರೀಖನ್ನೂ ತಾವೇ ಓದಿದ್ರು. ನೀವೂ ಇವತ್ತೇ ಕೆಳಗಿಳಿದು ಮೊಬೈಲ್ ಟಾರ್ಚ್ ಹಾಕಿ ನೋಡಿ. ಸ್ಟೆಪ್ನಿನೂ ಮರೀಬೇಡಿ.