ಮನೆಮಾತಿನಿಂದ ಕವಿತೆಗೆ: ಗ್ರಾಮ ಪಂಚಾಯತ್ ಗ್ರಂಥಾಲಯದ ಪಾತ್ರ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ 8ನೇ ತರಗತಿಗೆ ಸೇರುವ ಅನೇಕ ಮಕ್ಕಳು ಮನೆಯಲ್ಲಿ ‘ಹೋಪುದು’, ‘ಬಪ್ಪುದು’ ಎನ್ನುತ್ತಾರೆ. ಪಠ್ಯದಲ್ಲಿ ‘ಹೋಗುವುದು’, ‘ಬರುವುದು’ ಎಂದಿರುತ್ತದೆ. ಮನೆಮಾತನ್ನೇ ತಪ್ಪೆಂದು ತಿದ್ದಿದಲ್ಲಿ ಮಗು ಬರೆಯಲು ಹಿಂಜರಿಯುತ್ತದೆ. ವಾಸ್ತವವಾಗಿ ಅದು ಹಳಗನ್ನಡದ ‘ಪೋಪುದು’, ‘ಬರ್ಪುದು’ ರೂಪಗಳಿಗೆ ಸಮೀಪವಾದುದು. ಈ ರೂಪಗಳನ್ನು ಪಕ್ಕಪಕ್ಕದಲ್ಲಿ ಬರೆಸಿದಲ್ಲಿ ವ್ಯಾಕರಣ ಸುಲಭವಾಗುತ್ತದೆ; ಹಳಗನ್ನಡ ಪದ್ಯವೂ ಹತ್ತಿರವಾಗುತ್ತದೆ. ಮೊದಲ ಕವಿತೆಯನ್ನು ಮನೆಮಾತಿನಲ್ಲಿಯೇ ಬರೆಯಿಸಬಹುದು.

ಬರವಣಿಗೆಗೆ ಸ್ವಂತ ಓದೇ ಆಧಾರ. ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯದ ಸದಸ್ಯತ್ವ ಉಚಿತ. ಮೊಗೇರಿಯ ಗೋಪಾಲಕೃಷ್ಣ ಅಡಿಗ, ಕೋಟದ ಶಿವರಾಮ ಕಾರಂತ ಹಾಗೂ ಕುಂದಾಪುರದ ಮಾತನ್ನು ಕಥೆಗಳಿಗೆ ತಂದ ವೈದೇಹಿ ಅವರ ಕೃತಿಗಳು ಅಲ್ಲಿ ದೊರೆಯುವಂತೆಯೂ, ಶಾಲೆ ಬಿಟ್ಟ ನಂತರ ಗ್ರಂಥಾಲಯ ತೆರೆದಿರುವಂತೆಯೂ ಸದಸ್ಯರು ಗಮನಹರಿಸುವುದು ಅಗತ್ಯ.